ಎರಡು ಊರು, ಮೂರು ಬಟ್ಟಲು

ಅವ್ವಾದ್ ದೊಡ್ಡಪ್ಪ ಕೈಗೆ ಬಂದ ಕಾಫಿ ಬಟ್ಟಲನ್ನು ತುಟಿಗೂ ತಾಗಿಸದೆ ಮುಂದಿನ ಮೇಜಿನ ಮೇಲಿಟ್ಟುಬಿಟ್ಟರು. ಅವರ ತಮ್ಮನ ಮಗಳು ಹನೀನ್ ಅದನ್ನು ನೋಡಿ ಹುಬ್ಬೇರಿಸಿದಳು. ಜೋರ್ಡಾನಿನ ಈ ಕರಕ್ ಊರಿನಲ್ಲಿ ಮನೆಗೆ ಬಂದವರು ಹಾಗೆ ಬಟ್ಟಲು ಕೆಳಗಿಟ್ಟರೆ ಏನೋ ಕೇಳಲು ಬಂದಿದ್ದಾರೆಂದೇ ಅರ್ಥ. ಯಜಮಾನ ‘ಆಯಿತು, ಕುಡಿಯಿರಿ’ ಎನ್ನುವವರೆಗೆ ಮುಟ್ಟುವುದಿಲ್ಲ. ಕುಡಿಯದೆ ಎದ್ದು ಹೋದರೆ ಮನೆಯ ಮಾನ ಹೋದಂತೆ. ಹೆಣ್ಣು ಕೇಳುವಾಗ, ಕೊಲೆಯ ರಾಜಿಗೆ ಕೂತಾಗ ತೆಗೆಯುವ ಅಸ್ತ್ರವನ್ನು ಈ ಮನುಷ್ಯ ಒಂದು ನೌಕರಿಗೆ ತೆಗೆಯುವುದೆ!

“ಇರ್ಬಿದ್‌ಗೆ ಬರ್ತೀನಿ ಅನ್ನು ಮಗಳೇ, ಕುಡೀತೀನಿ,” ಎಂದರು. ಅಲ್ಲಿನ ಡೇರಿಯೊಂದು ಅವಳನ್ನು ಪಶುವೈದ್ಯೆಯಾಗಿ ಕರೆದಿತ್ತು. ದೊಡ್ಡಪ್ಪನ ಮನೆಯಿಂದ ಐದೇ ನಿಮಿಷ.

“ದೊಡ್ಡಪ್ಪ, ನಾನು...”

“ಹಾಗಾದ್ರೆ ನಾನೂ ಮುಟ್ಟಲ್ಲ!” ಅಮ್ಮನ ತಮ್ಮ ತಲಾಲ್ ಮಾವ ಅರ್ಧ ಕುಡಿದಿದ್ದ ತನ್ನ ಬಟ್ಟಲನ್ನು ಟಕ್ಕೆಂದು ಪಕ್ಕದಲ್ಲಿಟ್ಟ. “ಅವಳು ಬರೋದು ಅಕಬಾಕ್ಕೆ. ಬಂದರಿನಲ್ಲಿ ಹಡಗಿಂದ ಇಳಿಯೋ ಕುರಿಗಳನ್ನ ತಪಾಸಣೆ ಮಾಡೋ ಕೆಲಸ. ನಮ್ಮ ಮಹಡಿ ಮೇಲೆ ರೂಮೂ ರೆಡಿ ಮಾಡ್ಸಿದ್ದೀನಿ.”

“ಅರ್ಧ ಕುಡಿದು ಇಟ್ರೆ ಲೆಕ್ಕಕ್ಕಿಲ್ಲ ಕಣಯ್ಯಾ!”

“ಇನ್ನರ್ಧ ಉಳಿದಿದೆಯಲ್ಲ, ಅದು ಲೆಕ್ಕಕ್ಕಿದೆ.”

“ಅಕಬಾನೂ ಒಂದು ಊರಾ? ಆ ಬಿಸಿಲಿಗೆ ಕುರಿ ಕೆಳಗಿಳಿಯೋಷ್ಟರಲ್ಲಿ ಬೆಂದೇ ಹೋಗಿರುತ್ತೆ. ಅದಕ್ಕೆ ಡಾಕ್ಟರ್ ಯಾಕೆ, ಅಡುಗೆಯವನು ಸಾಕು.”

“ನಿಮ್ಮ ಇರ್ಬಿದ್ ಚಳಿಗೆ ಹಸು ಹಾಲಲ್ಲ, ಐಸ್‌ಕ್ರೀಮೇ ಕೊಡೋದು!”

“ಮಾವ, ಒಂದ್ನಿಮಿಷ...”

“ನೀನು ಸುಮ್ನಿರು, ನಿನ್ನ ಒಳ್ಳೇದಕ್ಕೇ ಮಾತಾಡ್ತಿರೋದು!” ಈ ಒಂದು ಮಾತಿನಲ್ಲಿ ಮಾತ್ರ ಇಬ್ಬರಿಗೂ ಒಮ್ಮತ.

ಐದು ಗಂಟೆಯೊಳಗೆ ಉತ್ತರ ಕಳಿಸದಿದ್ದರೆ ಎರಡು ಕೆಲಸಗಳೂ ಕೈತಪ್ಪುತ್ತಿದ್ದವು. ಆಗಲೇ ನಾಲ್ಕೂಕಾಲು. ಹನೀನಳಿಗೆ ಬೇಕಾದದ್ದು ಅಕಬಾವೇ. ಕಡಲು, ಹಡಗು, ಸಾವಿರಗಟ್ಟಲೆ ಕುರಿ! ಆದರೆ ತಲಾಲ್ ಮಾವನ ಮಹಡಿ? ದೇವರೇ ಕಾಪಾಡಬೇಕು. ಅಲ್ಲಿ ಅವಳು ಸೀನಿದರೂ ಅತ್ತೆಯಿಂದ ಕರಕ್‌ಗೆ ಫೋನು ಬರುತ್ತದೆ.

ಅವಳು ಎದ್ದು ಚೀಲ ಹೆಗಲಿಗೇರಿಸಿ ಹೊರಗೆ ಹೋಗಿ ಬಾಗಿಲೆಳೆದುಕೊಂಡಳು.

“ನೋಡಿದ್ರಾ, ಮುನಿಸ್ಕೊಂಡ್ಳು. ಎಲ್ಲಾ ನಿಮ್ಮಿಂದ್ಲೇ,” ಎಂದ ತಲಾಲ್.

ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ಅಮ್ಮ ಬಾಗಿಲು ತೆಗೆದರೆ ಹನೀನಳೇ ನಿಂತಿದ್ದಾಳೆ. “ಅಸ್ಸಲಾಮು ಅಲೈಕುಂ. ಒಳಗೆ ಬರಬಹುದಾ?” ಎಂದು ಕೇಳಿ, ನೇರವಾಗಿ ಬಂದು ಅತಿಥಿಗಳ ಸಾಲಿನಲ್ಲಿ ಕೂತಳು. ಅಮ್ಮ ಮಗಳ ಮುಖ ನೋಡಿದರು, ನಗು ನುಂಗಿಕೊಂಡು ಒಂದು ಬಟ್ಟಲು ಕಾಫಿ ಬಗ್ಗಿಸಿ ಕೊಟ್ಟರು. ಹನೀನ್ ಅದನ್ನು ಮುಟ್ಟದೆ ಮೇಜಿನ ಮೇಲಿಟ್ಟಳು.

“ಅಪ್ಪ ಹೋದ್ಮೇಲೆ ಈ ಮನೆಗೆ ಯಜಮಾನರು ಯಾರು?”

“ಇದೇನು ಕೇಳೋ ಮಾತಾ? ನಾನೇ!” ದೊಡ್ಡಪ್ಪ ಎದೆಯುಬ್ಬಿಸಿದರು.

“ಹಾಗಾದ್ರೆ ನೀವು ಕೇಳೋ ಹಾಗಿಲ್ಲ, ಕೊಡೋರು ನೀವು. ನಾನು ಅಕಬಾಕ್ಕೆ ಹೋಗ್ಬೇಕು.”

“ಭೇಷ್!” ತಲಾಲ್ ತೊಡೆ ತಟ್ಟಿದ.

“ಇನ್ನೂ ಮುಗಿದಿಲ್ಲ ಮಾವ. ನಾನಿರೋದು ಬಂದರಿನ ಹಾಸ್ಟೆಲ್‌ನಲ್ಲಿ. ನಿಮ್ಮನೆಗೆ ಶುಕ್ರವಾರ ಊಟಕ್ಕೆ ಬರ್ತೀನಿ.”

ತಲಾಲನ ಕೈ ತೊಡೆಯ ಮೇಲೇ ನಿಂತಿತು. ದೊಡ್ಡಪ್ಪ ಮೇಜಿನ ಮೇಲಿದ್ದ ಬಟ್ಟಲನ್ನು ನೋಡಿದರು, ಗಡ್ಡ ಕೆರೆದುಕೊಂಡರು. ತಮ್ಮನ ಮನೆಯಿಂದ ಅತಿಥಿಯನ್ನು ಬರಿಗೈಯಲ್ಲಿ ಕಳಿಸಿದ ಅಪಕೀರ್ತಿ ಯಾರಿಗೆ ಬೇಕು?

“ಕುಡಿಯಮ್ಮ ಕಿಲಾಡಿ, ಬಂದ ಕೆಲಸ ಆಯ್ತು,” ಎಂದರು. ಮರುಕ್ಷಣವೇ ಅವರ ದನಿ ಇಳಿಯಿತು. “ಆದ್ರೂ ಇಷ್ಟೊಂದು ನಾಟಕ ಯಾಕೆ? ಮನೆಯವಳಾಗೇ ಹೇಳಬಾರದಿತ್ತಾ?”

ಹನೀನ್ ಬಟ್ಟಲು ಕೈಗೆತ್ತಿಕೊಂಡಳು.

“ಒಂದು ವಾರದಿಂದ ಹೇಳ್ತಾನೇ ಇದ್ದೆ ದೊಡ್ಡಪ್ಪ. ಯಾರೋ ಹೊರಗಿನವರು ಹೇಳಿದ ಮೇಲೇ ನಿಮಗೆ ಕೇಳಿಸಿದ್ದು.”