ಗೋಡೆ ಪಕ್ಕದ ರಾಗಿ

ಹೊಲಿದು ಮುಗಿಸಿದ್ದ ಮೂಟೆಯ ಬಾಯಿಯ ಹುರಿಯನ್ನು ಚಿನ್ನಮ್ಮ ಹಲ್ಲಿನಿಂದ ಕಡಿದಳು. ವ್ಯಾಪಾರಿ ಗಾಡಿಯಿಂದ ಧುಮುಕಿ, "ಅಯ್ಯೋ ಅಮ್ಮಾ, ತೂಕ ಆಗೋಯ್ತಲ್ಲ! ತಾಳವಾಡೀಲಿ ಲಾರಿ ಕಾಯ್ತಾ ಅದೆ, ಸೀಕ್ರಂ ಹೋಗ್ಬೇಕು ನಾನು" ಎಂದ. ಅವಳು ಅವನತ್ತ ನೋಡಲೂ ಇಲ್ಲ. ಮೊರವನ್ನು ಮುಂದಿಟ್ಟುಕೊಂಡು ಎರಡೂ ಕೈಯಿಂದ ರಾಗಿ ಬಾಚತೊಡಗಿದಳು.

"ಏನಮ್ಮಿ ಇದು, ಬುದ್ದಿಗಿದ್ದಿ ಕೆಟ್ಟದಾ ನಿಂಗೆ?" ಅತ್ತೆ ದೊಡ್ಡತಾಯಮ್ಮ ಜಗಲಿಯಿಂದಲೇ ಕೂಗಿದಳು.

"ಕೂಸು ಉಣ್ತಾ ಇಲ್ಲ ಅತ್ತೆ. ಜ್ವರ ಬುಟ್ರೂ ಬಾಯಿ ತೆಗೀತಾ ಇಲ್ಲ. ಆ ಮುಗ್ಗಲು ಮುದ್ದೇನ ಯಾವ ಕೂಸು ತಾನೆ ಉಂಡಾತು? ಒಂದು ಮೊರ ಕೊಡಿ, ಒಂದೇ ಮೊರ."

ಗೆಟ್ಟವಾಡಿಯ ಆ ಮನೆಯಲ್ಲಿ ಹಿಂದಿನ ದಿನವಷ್ಟೇ ಹಗೇವು ತೆಗೆದಿದ್ದರು. ಅಂಗಳದ ನೆಲದಡಿಯ ಆ ಗುಂಡಿಯಲ್ಲಿ ವರ್ಷಗಟ್ಟಲೆ ಇಟ್ಟರೂ ನಡುವಿನ ರಾಗಿಗೆ ಏನೂ ಆಗುವುದಿಲ್ಲ, ಬಿಸಿಲಿಗೆ ಹರವಿದರೆ ಸಾಸಿವೆಯಂತೆ ಹೊಳೆಯುತ್ತದೆ. ಗುಂಡಿಯ ಗೋಡೆಗೆ ತಗುಲಿಕೊಂಡಿದ್ದ ರಾಗಿಯ ಗತಿಯೇ ಬೇರೆ. ಅದಕ್ಕೆ ನೆಲದ ತೇವ ಹೊಡೆದು, ಕಪ್ಪಾಗಿ, ಹೆಂಟೆಗಟ್ಟಿ, ಮುಗ್ಗಲು ವಾಸನೆ ಹತ್ತಿರುತ್ತದೆ. ಬೇರೆ ಮನೆಗಳಲ್ಲಿ ಅದನ್ನು ದನಕ್ಕೆ ಹಾಕುತ್ತಾರೆ. ದೊಡ್ಡತಾಯಮ್ಮನ ಮನೆಯಲ್ಲಿ ನಡುವಿನ ರಾಗಿ ವ್ಯಾಪಾರಿಯ ಗಾಡಿಗೆ, ಗೋಡೆ ಪಕ್ಕದ ರಾಗಿ ಒಲೆಯ ಮೇಲಿನ ಮಡಕೆಗೆ. ಎಷ್ಟು ನೀರಿನಲ್ಲಿ ತೊಳೆದರೂ, ಎಷ್ಟು ಬಿಸಿಲಿಗೆ ಹಾಕಿದರೂ ಆ ವಾಸನೆ ಮುದ್ದೆಯಾದ ಮೇಲೂ ಬಿಡುತ್ತಿರಲಿಲ್ಲ.

ಆ ಮನೆಯ ಕೈಬಿಗಿಯನ್ನು ಊರವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವವರಿಗೇನು, ಅವರ ಕೊಟ್ಟಿಗೆಯಲ್ಲಿ ಎತ್ತುಗಳಿದ್ದವು. ದೊಡ್ಡತಾಯಮ್ಮನ ಮಗ ಬಿಳಿಗಿರಿ ಮಂದಿಯ ಹೊಲದಲ್ಲಿ ಮೈಮುರಿದು ದುಡಿದು, ಆ ಲೆಕ್ಕದಲ್ಲಿ ಅವರ ಎತ್ತು ಕೇಳಿ ತರಬೇಕು. ಎಲ್ಲರ ಬಿತ್ತನೆ ಮುಗಿದು, ನೆಲದ ಹದ ಆರಿದ ಮೇಲೆ ಇವನ ಹೊಲಕ್ಕೆ ನೇಗಿಲು ಇಳಿಯಬೇಕು. ಸ್ವಂತದ್ದೊಂದು ಜೋಡಿ ಕಟ್ಟಬೇಕೆಂದೇ ಆ ಮನೆಯವರು ಸಂಜೆ ಬೆಳಕಿರುವಾಗಲೇ ಉಂಡು ಮಲಗುತ್ತಿದ್ದರು, ಸೀಮೆಎಣ್ಣೆ ಉಳಿಯಲಿ ಎಂದು. ಈ ಸಲದ ಗಾಡಿ ಹೋದರೆ ಎತ್ತು ಬಂದಂತೆಯೇ.

ಬಿಳಿಗಿರಿ ಹೆಂಡತಿಯನ್ನೊಮ್ಮೆ ತಾಯಿಯನ್ನೊಮ್ಮೆ ನೋಡಿದ. "ಓಗ್ಲಿ ಬುಡವ್ವ, ಒಂದು ಮೊರ ತಾನೆ..."

"ಇವತ್ತು ಒಂದು ಮೊರ, ನಾಳೀಕೆ ಇನ್ನೊಂದು. ಇಂಗೇ ಅಲ್ವೇನ್ಲಾ ನಿಮ್ಮಪ್ಪ ಎತ್ತು ಕಾಣ್ದೇನೆ ಕಣ್ಮುಚ್ಚಿದ್ದು?"

"ಎತ್ತು ಬತ್ತದೆ ಅತ್ತೆ," ಎಂದಳು ಚಿನ್ನಮ್ಮ. ಬಾಚುತ್ತಿದ್ದ ಕೈ ನಿಂತಿರಲಿಲ್ಲ. "ಬಂದಾಗ ನೋಡಾಕೆ ಕೂಸು ಇರ್ಬ್ಯಾಡ್ವಾ?"

ಮುದುಕಿ ಮೊಣಕಾಲು ಹಿಡಿದುಕೊಂಡು ಎದ್ದು ಒಳಗೆ ಹೋದಳು. ವ್ಯಾಪಾರಿ ಗೊಣಗುತ್ತಲೇ ಆ ಮೂಟೆಯನ್ನು ಮತ್ತೆ ತೂಗಿ, ಹೊಲಿದು, ಗಾಡಿ ಹೊಡೆಸಿಕೊಂಡು ಹೋದ.

ಚಿನ್ನಮ್ಮ ರಾಗಿ ಕೇರಿ, ಕಲ್ಲು ಆರಿಸಿ, ಬೀಸಲು ಕೂತಳು. ಬೀಸುವ ಕಲ್ಲಿನ ಅಂಚಿನಿಂದ ಹಿಟ್ಟು ಉದುರತೊಡಗಿದಾಗ ಅದರ ಘಮ ಮೂಗಿಗೆ ಬಡಿಯಿತು. ದೊಡ್ಡಗಾಜನೂರಿನ ತವರಿನಲ್ಲಿ ದಿನಾ ಇದ್ದ ಘಮ ಅದು. ಸೊಸೆಯಾಗಿ ಬಂದ ಮೇಲೆ ಈ ಮನೆಯೊಳಗೆ ಅದನ್ನು ಅವಳು ಕಂಡಿರಲಿಲ್ಲ. ಕಣ್ಣು ತುಂಬಿ ಬಂತು. ಇಷ್ಟು ವರ್ಷ ತನಗೆ ಸಿಗಲಿಲ್ಲವೆಂದು ಅವಳು ಅಳಲಿಲ್ಲ, ಮಗಳಿಗೆ ಇವತ್ತಾದರೂ ಸಿಕ್ಕಿತಲ್ಲ ಎಂದು ಅತ್ತಳು.

ಮುದ್ದೆ ನುಣ್ಣಗೆ ಬಂದಿತ್ತು. ಕಂಬಳಿಯಡಿ ಮುದುಡಿಕೊಂಡಿದ್ದ ಪುಟ್ಟಬಸಮ್ಮನನ್ನು ಎಬ್ಬಿಸಿ, ತೊಡೆಯ ಮೇಲೆ ಕೂರಿಸಿಕೊಂಡು, ತಟ್ಟೆಯನ್ನು ಮುಂದಿಟ್ಟಳು. ಅಜ್ಜಿ ಬಾಗಿಲಿಗೆ ಒರಗಿ ನಿಂತಿದ್ದಳು. ಮಗುವಿಗೆ ಹಸಿವು ಮರಳಿತ್ತು, ತಾನೇ ಕೈ ಚಾಚಿತು. ಮುದ್ದೆ ಮುರಿದು, ಸೊಪ್ಪಿನ ಸಾರಿಗೆ ಅದ್ದಿ ಬಾಯಿಗಿಟ್ಟುಕೊಂಡದ್ದು ಹಾಗೇ ನಿಂತುಬಿಟ್ಟಿತು. ಆಮೇಲೆ ತುತ್ತನ್ನು ಅಂಗೈಗೆ ಉಗಿಯಿತು.

"ಯಾಕವ್ವ, ಸುಡ್ತಾ?"

"ಇದು ಯಾರಟ್ಟಿ ಮುದ್ದೆ?"

"ನಮ್ಮಟ್ಟಿದೇ ಕಣವ್ವ, ನಮ್ಮನೇದೇ. ನಾನೇ ಅಲ್ವಾ ಬೀಸಿದ್ದು?"

"ನಮ್ಮಟ್ಟಿದು ಇಂಗಿರಾಕಿಲ್ಲ. ಇದು ಕೆಟ್ಟೋಗದೆ."

ಚಿನ್ನಮ್ಮ ಇನ್ನೊಂದು ತುತ್ತು ಮಾಡಿ ತುಟಿಯ ಹತ್ತಿರ ಹಿಡಿದಳು. ಮಗು ಮುಖ ತಿರುಗಿಸಿತು. ದೊಡ್ಡತಾಯಮ್ಮ ಮೆಲ್ಲಗೆ ಬಂದು ಎದುರಿಗೆ ಕೂತು, ಸೊಸೆಯ ಕೈಯಿಂದ ಆ ತುತ್ತನ್ನು ಇಸಿದುಕೊಂಡು ತನ್ನ ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಅದನ್ನು ಬಾಯಲ್ಲೇ ಇಟ್ಟುಕೊಂಡಿದ್ದಳು.

"ಕೆಟ್ಟಿಲ್ಲ ಕಣ್ ಕೂಸೆ," ಎಂದಳು ಕೊನೆಗೆ. "ರಾಗಿ ಅಂದ್ರೆ ಇದೇಯ."

"ಅಂಗಾರೆ ನೀನೇ ಉಣ್ಣಜ್ಜಿ," ಎಂದಿತು ಮಗು. "ನಂಗೆ ನಮ್ಮದ ಕೊಡು."

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಚಿನ್ನಮ್ಮ ಎದ್ದು, ಮೂಲೆಯಲ್ಲಿದ್ದ ಮುಗ್ಗಲು ಹಿಟ್ಟಿನ ಮಡಕೆಯ ಮುಚ್ಚಳ ತೆಗೆದು, ಮತ್ತೆ ಎಸರಿಟ್ಟಳು. ಆ ಮುದ್ದೆಯನ್ನು ಕೂಸು ಬೆರಳು ನೆಕ್ಕಿಕೊಂಡು ಉಂಡಿತು.