ಕಡಲೂರಿನ ಬಟನ್ ವ್ಯಾಪಾರಿ

ಕಡಲು ನೋಡುವ ಆಸೆಗೆ ಹವಾಲ್ದಾರನಿಗೆ ತಗುಲಿದ ಖರ್ಚು ಇಷ್ಟು: ರೈಲಿನ ಎರಡು ಟಿಕೆಟ್ಟು, ಲಾಡ್ಜಿನ ಮುಂಗಡ, ಹೂವಿನ ಚಿತ್ರದ ಒಂದು ಸಡಿಲ ಅಂಗಿ, ಮದುವೆಗೂ ಮುಂಚಿನಿಂದ ಸಾಕಿಕೊಂಡು ಬಂದಿದ್ದ ಮೀಸೆ. ಸಿಕ್ಕಿಬಿದ್ದರೆ ತೋಳಿನ ಮೇಲಿನ ಪಟ್ಟಿಯೂ ಈ ಲೆಕ್ಕಕ್ಕೆ ಸೇರುತ್ತಿತ್ತು.

ಗಡಿಗೆ ಅಂಟಿಕೊಂಡ ಆ ಕಡಲೂರಿಗೆ ರಜೆಯ ಮೇಲಿರುವ ಸೈನಿಕರು ಕಾಲಿಡಕೂಡದು. ಹಾಗೆಂದು ತಿಂಗಳಿಗೊಮ್ಮೆ ಶಿಬಿರದ ಧ್ವನಿವರ್ಧಕ ಗುಡುಗುತ್ತಿತ್ತು. ಗುಡುಗು ನಿಂತ ಮೇಲೆ ಅದನ್ನೇ ಹೊಸಬರಿಗೆ ಬಾಯಿಪಾಠ ಮಾಡಿಸುವ ಕೆಲಸ ಇವನದು. ಆದರೆ ಕಡಲು ತೋರಿಸುತ್ತೇನೆಂದು ಹೆಂಡತಿಗೆ ಮಾತು ಕೊಟ್ಟು ಇಬ್ಬರ ತಲೆಯೂ ನೆರೆತಿತ್ತು. ರಜೆಯ ಅರ್ಜಿಯಲ್ಲಿ ‘ಮಾವನ ಮನೆ’ ಎಂದೂ ಲಾಡ್ಜಿನ ಪುಸ್ತಕದಲ್ಲಿ ‘ಬಟನ್ ವ್ಯಾಪಾರಿ’ ಎಂದೂ ಬರೆದು ಇಲ್ಲಿಗೆ ಬಂದಿದ್ದ.

“ರೀ, ಬೆನ್ನು ಸ್ವಲ್ಪ ಬಗ್ಗಿಸಿ,” ಲಾಡ್ಜಿನ ಊಟದ ಕೋಣೆಯಲ್ಲಿ ಹೆಂಡತಿ ಪಿಸುಗುಟ್ಟಿದಳು. “ಬಟನ್ ವ್ಯಾಪಾರಿ ಯಾರಾದ್ರೂ ಬಂದೂಕು ನುಂಗಿದೋರ ತರ ಕೂರ್ತಾರಾ?”

“ಮೆತ್ತಗೆ ಮಾತಾಡೇ.”

“ಮನೇಲಿ ಹಾಲಿನ ಪಾತ್ರೆ ಬಿದ್ದಾಗ, ಶಿಬಿರದ ಗಂಟೆ ಅಂದ್ಕೊಂಡು ಟವೆಲಲ್ಲೇ ಗೋಡೆಗೆ ನಿಂತಿರಲ್ಲ, ಹಂಗೇನಾದ್ರೂ ಇಲ್ಲಿ ಮಾಡಿದ್ರೆ ಇವರು ಯಾರೋ ಗೊತ್ತಿಲ್ಲ ಅಂತೀನಿ.”

ಹವಾಲ್ದಾರ ಸುತ್ತ ಕಣ್ಣಾಡಿಸಿದ. ಅಕ್ಕಿ ಮಂಡಿಯವ, ದರ್ಜಿ, ಹೊಸದಾಗಿ ಮದುವೆಯಾದ ಹುಡುಗ, ಎಲ್ಲರೂ ಹೆಂಡಿರ ಜೊತೆ ಬಂದವರು. ಒಬ್ಬ ಗಂಡಸಿಗೂ ಮೀಸೆಯಿಲ್ಲ. ಈ ಊರಿನ ಷೋಕಿಯೇ ಹೀಗಿರಬೇಕು, ಸದ್ಯ ತಾನು ಎದ್ದು ಕಾಣುವುದಿಲ್ಲ ಎಂದು ನೆಮ್ಮದಿಪಟ್ಟ.

ಆ ನೆಮ್ಮದಿ ಕೆಡಿಸಿದವನು ಪಕ್ಕದ ಮೇಜಿನ ಮುದುಕ. ಹಲ್ಲಿನ ಡಾಕ್ಟರಂತೆ. ಉರಿಬಿಸಿಲಲ್ಲೂ ಕೊರಳಿಗೆ ಮಫ್ಲರ್. ಗಂಟಲು ಕೂತಿದೆಯೆಂದು ಪಿಸುಮಾತಿನಲ್ಲೇ ಎಲ್ಲ ವ್ಯವಹಾರ. ಬಂದಾಗಿನಿಂದ ಇವನ ಮೇಲ್ದುಟಿಯನ್ನೇ ನೋಡುತ್ತಿದ್ದ.

“ಏನು ವ್ಯಾಪಾರ?” ಮುದುಕ ಪಿಸುಗುಟ್ಟಿದ.

“ಬಟನ್ನು.”

“ಹಿತ್ತಾಳೇದು ಇಟ್ಟಿದೀರಾ?”

ಸಮವಸ್ತ್ರದ ಬಟನ್ನು ನೆನಪಾಗಿ ಹವಾಲ್ದಾರನ ಕೈಯ ತುತ್ತು ಅಲ್ಲೇ ನಿಂತಿತು.

“ಮಾರಲ್ಲ, ದಿನಾ ಬೆಳಿಗ್ಗೆ ಎದ್ದು ಉಜ್ಜುತಾರೆ ಅಷ್ಟೆ,” ಎಂದಳು ಹೆಂಡತಿ. ಮೇಜಿನ ಕೆಳಗೆ ಗಂಡ ಅವಳ ಕಾಲು ತುಳಿದ. ಅವಳು ಲೆಕ್ಕಕ್ಕಿಡದೆ ಅತ್ತ ತಿರುಗಿದಳು. “ಡಾಕ್ಟ್ರೇ, ನಂಗೊಂದು ದವಡೆ ಹಲ್ಲು ನೋಯ್ತಿದೆ. ಏನು ಮಾಡ್ಲಿ?”

ಮುದುಕ ಗಂಭೀರವಾಗಿ ಯೋಚಿಸಿದ. “ಬೆಳಿಗ್ಗೆ ಬೇಗ ಎದ್ದು ಓಡಿ. ಸರಿಹೋಗುತ್ತೆ.”

ಹವಾಲ್ದಾರನಿಗೆ ಈಗ ಖಾತ್ರಿಯಾಯಿತು. ಇವನು ಹಲ್ಲಿನ ಡಾಕ್ಟರಲ್ಲ. ಮಿಲಿಟರಿ ಪೊಲೀಸು. ತನ್ನಂಥವರನ್ನು ಹಿಡಿಯಲೆಂದೇ ಇಲ್ಲಿ ಹೊಂಚು ಹಾಕಿ ಕೂತಿದ್ದಾನೆ.

“ಎದ್ದೇಳೇ, ಹೋಗೋಣ. ಈಗಲೇ.”

“ನಾನಿನ್ನೂ ಕಡಲಿಗೆ ಕಾಲು ಕೂಡ ಅದ್ದಿಲ್ಲ.”

“ನನ್ನ ಪಟ್ಟಿ ಹೋಗುತ್ತೆ ಕಣೇ!”

“ಹೋಗ್ಲಿ ಬಿಡಿ. ನಾನು ಮದುವೆ ಆಗಿದ್ದು ಪಟ್ಟೀನಲ್ಲ.”

ಅಷ್ಟರಲ್ಲಿ ಅಡುಗೆಮನೆಯಲ್ಲಿ ಯಾರದೋ ಕೈಯಿಂದ ದೊಡ್ಡ ಹಿತ್ತಾಳೆ ಹರಿವಾಣ ಜಾರಿ ಕಲ್ಲುನೆಲಕ್ಕೆ ಬಿತ್ತು. ಢಣ್!

ಕಣ್ಣು ಮಿಟುಕಿಸುವಷ್ಟರಲ್ಲಿ ಹವಾಲ್ದಾರ ಗೋಡೆಗೆ ನೆಟ್ಟಗೆ ನಿಂತಿದ್ದ. ಎದೆ ಮುಂದೆ, ಕೈ ತೊಡೆಗೆ ಅಂಟಿಸಿ. ಕೆಟ್ಟೆ ಎಂದುಕೊಂಡು ಬಲಕ್ಕೆ ಓರೆಗಣ್ಣು ಹಾಯಿಸಿದ. ಅಕ್ಕಿ ಮಂಡಿಯವ, ಎದೆ ಮುಂದೆ. ಎಡಕ್ಕೆ ದರ್ಜಿ. ಅವನಾಚೆ ಮದುವೆಗಂಡು, ಬಾಯಲ್ಲಿ ತುತ್ತು ಹಾಗೇ ಇತ್ತು. ಕೂತು ಉಣ್ಣುತ್ತಿದ್ದವರು ಹೆಂಗಸರು ಮಾತ್ರ.

“ಸಾವಧಾನ್!”

ಮೇಜಿನ ಮೇಲಿನ ಲೋಟಗಳು ನಡುಗಿದವು. ಮಫ್ಲರ್ ಜಾರಿದ್ದೂ ತಿಳಿಯದೆ ಸಾಲಿನ ಎದುರು ಸೆಟೆದು ನಿಂತಿದ್ದ ಹಲ್ಲಿನ ಡಾಕ್ಟರ ದನಿ ಅದು. ಕಡಲೂರಿಗೆ ಕಾಲಿಡಕೂಡದೆಂದು ತಿಂಗಳಿಗೊಮ್ಮೆ ಧ್ವನಿವರ್ಧಕದಲ್ಲಿ ಗುಡುಗುತ್ತಿದ್ದ, ಶಿಬಿರದಲ್ಲಿ ಯಾರೂ ಮುಖ ಕಂಡಿರದ ಜನರಲ್ ಸಾಹೇಬರ ದನಿ.

“ಅಯ್ಯೋ ಡಾಕ್ಟ್ರೇ,” ಎಂದಳು ಹವಾಲ್ದಾರನ ಹೆಂಡತಿ, “ಗಂಟಲು ವಾಸಿಯಾಗೇ ಹೋಯ್ತಲ್ಲ!”

ಸಾಹೇಬರೂ ರಜೆಯ ಮೇಲೆ ಕದ್ದು ಬಂದವರೇ, ಹಾಗಾಗಿ ಯಾರ ಪಟ್ಟಿಯೂ ಹೋಗಲಿಲ್ಲ. ಹವಾಲ್ದಾರನ ಹೆಂಡತಿಗೆ ಕಡಲು ದಕ್ಕಿತು, ಅವನಿಗೆ ಮೀಸೆಯೊಂದು ನಷ್ಟ.