ಅಳಿಸಿ ಕಟ್ಟುವ ಪಾಠ

ನೆಟ್‌ವರ್ಕಿಂಗ್ ಪರೀಕ್ಷೆಗೆ ನಾಲ್ಕೇ ದಿನ ಉಳಿದಿತ್ತು. ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುವ ನಾಗಭೂಷಣ, ಸಂಬಳ ಕಾಲೇಜಿನದು, ಓದು ತನ್ನದು ಎಂದು ಬೆಳಗ್ಗೆಯೇ ಆಫೀಸಿನಲ್ಲಿ ಅಭ್ಯಾಸಕ್ಕೆ ಕೂತ. ದುಡ್ಡು ಕೊಟ್ಟು ಕೊಂಡ ಆನ್‌ಲೈನ್ ಲ್ಯಾಬು. ಒಳಗಿರುವುದೆಲ್ಲ ಸುಳ್ಳು ರೂಟರು, ಏನು ಕೆಡಿಸಿದರೂ ಕೇಳುವವರಿಲ್ಲ. ಅಸಲಿಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಅಂತ ಜಾಹೀರಾತು ಬೇರೆ.

ಇವತ್ತಿನ ಪಾಠ, ರೂಟರಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ಕಟ್ಟುವುದು. ಅಳಿಸುವ ಅರ್ಧ ಸಲೀಸಾಗಿ ಮುಗಿಯಿತು.

ಅಷ್ಟರಲ್ಲಿ ಪ್ರಿನ್ಸಿಪಾಲ್ ಮೇಡಂ ಏದುಸಿರು ಬಿಡುತ್ತಾ ಬಂದರು. "ನಾಗಭೂಷಣ್, ಇಡೀ ಕಾಲೇಜಿನ ನೆಟ್ ಹೋಗಿದೆ ಕಣ್ರೀ! ಅಡ್ಮಿಷನ್ನಿಗೆ ಇವತ್ತೇ ಕಡೇ ದಿನ, ಹೊರಗೆ ಮುನ್ನೂರು ಜನ ನಿಂತಿದ್ದಾರೆ."

"ಯಾರೋ ರೋಡ್ ಅಗೆದು ಕೇಬಲ್ ಕಿತ್ತಿರ್ತಾರೆ ಮೇಡಂ. ಗೊತ್ತಿಲ್ಲದವರು ಕೈ ಹಾಕಿದ್ರೆ ಹೀಗೇ ಆಗೋದು."

"ನೀವೊಂದ್ಸಲ ನೋಡ್ರೀ."

"ಎರಡು ನಿಮಿಷದ ಕೆಲಸ ಬಿಡಿ. ಲ್ಯಾಬಿನಲ್ಲಿ ಇಂಥದ್ದು ನಲವತ್ತು ಸಲ ಸರಿಮಾಡಿದೀನಿ."

ಕಾಲೇಜಿನ ರೂಟರನ್ನು ನೋಡಲೆಂದು, ತಾನು ಕೆಲಸ ಮಾಡುತ್ತಿದ್ದ ಕಪ್ಪು ವಿಂಡೋವನ್ನು ಗತ್ತಿನಿಂದ ಪಕ್ಕಕ್ಕೆ ಸರಿಸಿದ. ಅದರ ಹಿಂದಿದ್ದ ಇನ್ನೊಂದು ವಿಂಡೋ ವಿನಯದಿಂದ ಕೇಳುತ್ತಿತ್ತು: "ನಿಮ್ಮ ಇವತ್ತಿನ ಲ್ಯಾಬ್ ಇನ್ನೂ ಶುರುವಾಗಿಲ್ಲ. ಶುರು ಮಾಡೋಣವೇ?"